ಗುಂಡಿಯ ಟಾರ್ಪಾಲು

ತಮ್ಮಾ,

ಮೇವಿನ ಗುಂಡಿ ಮೇಲಿನ ಟಾರ್ಪಾಲು ಎತ್ತಬೇಡ. ನಿನ್ನ ಕಾಲಿಗೆ ಬೀಳ್ತೀನಿ ಮಾರಾಯ, ಎತ್ತಬೇಡ. ಒಳಗೆ ತುಂಬಿಟ್ಟ ಹಸಿ ಜೋಳದ ದಂಟು ಗಾಳಿಯಾಡದೆ ಹುಳಿ ಬಂದರೇ ಅದು ಮೇವು, ಇಲ್ಲದಿದ್ದರೆ ಗೊಬ್ಬರ. "ಹದ ಬಂತಾ ನೋಡ್ತೀನಿ ಅಕ್ಕಾ" ಅಂತ ನೀನು ದಿನಾ ಮೂಗು ತೂರಿಸಿದ್ದಕ್ಕೆ ಆ ಮೂಲೆಯ ಜೋಳದ ಮೇವೆಲ್ಲ ಬೂಷ್ಟು ಹಿಡಿದು ಕಪ್ಪಾಗಿದೆ. ಕೆಟ್ಟಿದ್ದನ್ನ ತಿಪ್ಪೆಗೆ ಹಾಕಿ, ಉಳಿದದ್ದನ್ನ ಮತ್ತೆ ತುಳಿದು ಮುಚ್ಚಿ, ಹಳೇ ಟೈರು ಹೇರಿದ್ದೀನಿ. ತಿಪ್ಪೆ ಕಡೆ ಹಸು ಬಿಡಬೇಡ.

ಹಡಗಿನಲ್ಲಿ ಬರೋ ಸೋಯಾ ಹಿಂಡಿ ಈ ಸಲವೂ ಬಂದಿಲ್ಲವಂತೆ. ಆದರೂ ಅಂಗಡಿ ಮುಂದೆ ಹೋಗಿ ನಿಲ್ತೀನಿ, ಒಂದು ಮೂಟೆಯಾದರೂ ಸಿಕ್ಕೀತು. ಎಲ್ಲಿಂದಲೋ ಬರೋ ಮೂಟೆಗೆ ಬಾಯಿ ಬಿಟ್ಕೊಂಡು ಕೂರೋದು ಇನ್ನು ಬೇಡ ಅಂತಲೇ ಅಲ್ವೇನೋ ನಾವಿಬ್ಬರೂ ಕೈ ಬೊಬ್ಬೆ ಬರೋ ಹಾಗೆ ಆ ಗುಂಡಿ ತೋಡಿದ್ದು?

ಗಬ್ಬದ ಹಸುವಿಗೆ ಬೇಲಿಯ ಅಗಸೆ ಸೊಪ್ಪು ಕೊಯ್ದು ಹಾಕು. ಕೆಂಪಿಯ ಹಾಲು ಕರೀಬೇಡ, ಇರೋ ಚೂರುಪಾರು ಕರುವಿಗೇ ಬಿಡು. ಅವಳ ಪಕ್ಕೆಲುಬು ನನ್ನ ಕೈಲಿ ನೋಡಕ್ಕಾಗ್ತಿಲ್ಲ.

ದನದ ದಲ್ಲಾಳಿ ಮಧ್ಯಾಹ್ನ ಬಂದರೆ ಅಕ್ಕ ಮನೇಲಿಲ್ಲ ಅನ್ನು. ಕೊಟ್ಟಿಗೆಯೊಳಗೆ ಬಿಟ್ಕೋಬೇಡ, ಹಸುಗಳ ಬೆನ್ನು ಸವರೋಕೂ ಬಿಡಬೇಡ.

ನಿನ್ನ ಊಟ ಒಲೆ ಪಕ್ಕ ಇದೆ. ಅದರ ಮುಚ್ಚಳ ಎಷ್ಟು ಸಲ ಬೇಕಾದರೂ ಎತ್ತಿ ನೋಡ್ಕೋ.

ಗುಂಡಿ ಮಾತ್ರ ಬೇಡ. ಅದೂ ಕೆಟ್ಟರೆ ಕೆಂಪಿಯ ಹಗ್ಗ ಬಿಚ್ಚಿ ದಲ್ಲಾಳಿ ಕೈಗೆ ನೀನೇ ಕೊಡಬೇಕು. ನಾನು ಆವತ್ತು ಹಿತ್ತಲಿಂದ ಈಚೆಗೆ ಬರಲ್ಲ.

ಅಕ್ಕ