ಗಾಳಿಯಿಲ್ಲದ ಗ್ರಹಕ್ಕೆ ಗಡೀಪಾರು

ಸಕಲ ಬ್ರಹ್ಮಾಂಡದ ತಪ್ಪು ತಿದ್ದಲೆಂದೇ ಅವತರಿಸಿದ, ಮಲ್ಕಾಜ್‌ಗಿರಿ ಕುಲತಿಲಕ, ವಿಜ್ಞಾನಚಕ್ರವರ್ತಿ ಹುಲಗೇಶ ಮಹಾಪ್ರಭುಗಳ ಪಾದಾರವಿಂದಗಳಿಗೆ,

ನನ್ನ ಸೇಡು ತೀರಿತೆಂದು ತಿಳಿಸಲು ಪರಮ ಸಂತೋಷವಾಗುತ್ತದೆ. ಹೋದ ವರ್ಷ ನಮ್ಮ ಭಾನುವಾರದ ಕಥಾಕೂಟದಲ್ಲಿ ನಾನು ಎರಡು ಚಂದ್ರರಿರುವ ಗ್ರಹದ ಕಥೆ ಓದುತ್ತಿದ್ದಾಗ, "ಎರಡು ಚಂದ್ರ ಜಗ್ಗಾಕತ್ತಾವ, ಸಮುದ್ರ ಮಾತ್ರ ಬಿರ್ಯಾನಿ ಉಂಡು ಮಲಗೇತೇನಲೇ? ಉಬ್ಬರ ಎಲ್ಲಿ?" ಎಂದು ನೀನು ಎಲ್ಲರನ್ನೂ ನಗಿಸಿದೆ. ಅಂದೇ ನಿನ್ನ ಜೊತೆ ಮಾತು ಬಿಟ್ಟೆ. ನೀನು ಪುಣೆಗೆ ಹೊರಟಾಗಲೂ ಸಿಕಂದರಾಬಾದ್ ಸ್ಟೇಷನ್ನಿಗೆ ಬರಲಿಲ್ಲ.

ಇಂದು ಅದೇ ಕೂಟದಲ್ಲಿ ಹೊಸ ಕಥೆ ಓದಿದೆ. ಹುಲಗೇಶನೆಂಬ ಬಾಯಿಬಡುಕನನ್ನು ಗಾಳಿಯೇ ಇಲ್ಲದ ಗ್ರಹಕ್ಕೆ ಗಡೀಪಾರು ಮಾಡಿದ್ದೇನೆ. ಅಲ್ಲಿ ಅವನು ವರ್ಷಗಟ್ಟಲೆ ಎಲ್ಲರ ತಪ್ಪು ಎತ್ತಿ ಆಡುತ್ತಾನೆ. ಗಾಳಿಯಿಲ್ಲದೆ ಶಬ್ದ ಸಾಗದಾದ್ದರಿಂದ ಯಾರಿಗೂ ಒಂದಕ್ಷರ ಕೇಳಿಸುವುದಿಲ್ಲ. ಚಪ್ಪಾಳೆಯೋ ಚಪ್ಪಾಳೆ!

ದಾನೇಶ್ವರಿ ಅಕ್ಕ ಮಾತ್ರ ಚಹಾ ಲೋಟ ಕೆಳಗಿಟ್ಟಳು. "ಗಾಳಿನ ಇಲ್ಲಂದ್ರ ಅಂವ ಉಸಿರು ಹ್ಯಾಂಗ ಆಡ್ತಾನೋ ತಮ್ಮಾ? ನಮ್ಮ ಹುಲಗೇಶ ಇಲ್ಲಿದ್ದಿದ್ರ ಬಿಡ್ತಿದ್ನೇನು?"

"ಸಾಯಲಿ ಬಿಡಕ್ಕಾ," ಎಂದೆ ಗಂಭೀರವಾಗಿ. ಎಲ್ಲರೂ ನಕ್ಕರು.

ಒಂದು ವಿಷಯ ಕೂಟದವರಿಗೆ ಗೊತ್ತಿಲ್ಲ. ಮನೆಗೆ ಬಂದವನೇ ಆ ಗ್ರಹದ ತುಂಬ ಗಾಳಿ ಬರೆದುಬಿಟ್ಟೆ. ಈಗ ನೀನು ಬೈಯುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ಕಥೆ ಕೆಟ್ಟಿತು, ದೋಸ್ತ.