ಅಪರ್ಣಾ ಲೆಫ್ಟ್

ಡೊಂಬಿವಲಿ ಪೂರ್ವ
೯ ನವೆಂಬರ್ ೨೦೧೭, ಗುರುವಾರ

ಚಿ. ಅಪರ್ಣಾಳಿಗೆ ಅಮ್ಮನ ಆಶೀರ್ವಾದಗಳು.

ಡೊಂಬಿವಲಿಯಿಂದ ಗಂಟೆ ದಾರಿಯ ಐರೋಲಿಗೆ ಕಾಗದವಾ ಅಂತ ನಗಬೇಡ. ಪೆನ್ನು ಹಿಡಿಯದೆ ಹತ್ತು ಹನ್ನೆರಡು ವರ್ಷವಾಯಿತು, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೋ. ತಡವಾದದ್ದಕ್ಕೂ ಬೈಯಬೇಡ. ಮರಾಠಿ ಸಾಕು ಅಂತ ನೀನು ಅತ್ತರೂ ಹಟ ಹಿಡಿದು ಕನ್ನಡ ಕಲಿಸಿದ್ದು ಇವತ್ತು ಉಪಯೋಗಕ್ಕೆ ಬಂತು. ನಿನ್ನ ರೂಮಿನ ಅನುಷ್ಕಾಗೆ ಇದನ್ನು ಓದಲು ಬರುವುದಿಲ್ಲ. ಅಪ್ಪನಿಗೆ ಬರುತ್ತದೆ, ಅದಕ್ಕೇ ಕವರಿನ ಬಾಯಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದೇನೆ. ಬಿಚ್ಚಿದ್ದರೆ ನಿನಗೆ ಗೊತ್ತಾಗುತ್ತದೆ.

ಕಳೆದ ಆದಿತ್ಯವಾರ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ‘ಅಪರ್ಣಾ ಲೆಫ್ಟ್’ ಅಂತ ಬಂತು. ಹತ್ತು ನಿಮಿಷವಾಗಿಲ್ಲ, ಉಡುಪಿಯಿಂದ ವನಮಾಲತ್ತೆಯ ಫೋನು. “ಎಂತದೇ ಶ್ರೀಮತಿ, ಅಪರ್ಣಾ ಲೆಫ್ಟ್ ಅಂತ ಬಂದಿದೆಯಲ್ಲ! ಯಾರ ಜೊತೆ? ಹುಡುಗ ನಮ್ಮವನಾದರೂ ಹೌದಾ?” ನಾನು ನಕ್ಕೆ. ಹಾಗಲ್ಲ ಅತ್ತಿಗೆ, ಗ್ರೂಪು ಬಿಟ್ಟಿದ್ದಾಳೆ ಅಂದೆ. ಆಮೇಲೆ ನಿನಗೆ ಫೋನು ಮಾಡಿದರೆ ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ಆಗ ನನಗೂ ಹುಳ ಹೊಕ್ಕಿತು ನೋಡು.

ಅಪ್ಪನಿಗೆ ಹೇಳಿದರೆ, “ಅವಳಿಗೆ ಕೆಲಸ ಜಾಸ್ತಿಯಂತೆ, ಬಿಡು” ಅಂದರು. ಯಾರು ಹೇಳಿದ್ದು ಅಂದರೆ ಪೇಪರು ಎತ್ತಿ ಮುಖಕ್ಕೆ ಹಿಡಿದರು. ಅಲ್ಲಿಂದ ಅವರ ಮೇಲೂ ಕಣ್ಣಿಟ್ಟೆ. ಥಾಣೆ ಆಫೀಸಿನಿಂದ ದಿನಾ ಒಂದೂವರೆ ಗಂಟೆ ತಡ. ಗಾಡಿ ಲೇಟು ಅನ್ನುತ್ತಾರೆ. ಅದೇ ಗಾಡಿಯಲ್ಲಿ ಬರುವ ಪಕ್ಕದ ಮನೆ ರಮಾಕಾಂತರು ಏಳಕ್ಕೇ ಬಂದು ಕಾಫಿ ಕುಡಿಯುತ್ತಿರುತ್ತಾರೆ! ಬದನೆ ಅಂದರೆ ಮೂಗು ಮುರಿಯುವವರು ಮೊನ್ನೆ ಎರಡು ಡಬ್ಬಿ ಗುಳ್ಳದ ಹುಳಿ ಕಟ್ಟಿಸಿಕೊಂಡರು. ಯಾರಿಗೆ ಅಂದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡರು. ಅಯ್ಯೋ, ಈ ವಯಸ್ಸಿನಲ್ಲಿ ಬೇರೆ ಯಾರನ್ನೋ ಕಟ್ಟಿಕೊಂಡರಾ ಅಂತ ಒಂದು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ನಗು ನೀನು, ನಗು.

ನಿನ್ನೆ ತಡೆಯಲಾಗಲಿಲ್ಲ. ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಬಂದೆ. ವಾಚ್‌ಮನ್ ಹತ್ತಿರ, ನಾಲ್ಕನೇ ಮಾಳಿಗೆಯ ಹುಡುಗಿಯರಲ್ಲಿಗೆ ಯಾರಾದರೂ ಬರುತ್ತಾರಾ ಅಂತ ಕೇಳಿದೆ. “ಏಕ್ ಆದ್ಮೀ ಆತಾ ಹೈ, ರೋಜ್ ಶಾಮ್ ಕೋ” ಅಂದ. ದಿನಾ ಸಂಜೆ ಒಬ್ಬ ಗಂಡಸು! ಮೇಲೆ ಬಂದರೆ ಬಾಗಿಲ ಹೊರಗೆ ಗಂಡಸಿನ ಚಪ್ಪಲಿ. ಬೆಲ್ಲಿಗೆ ಕೈ ಎತ್ತಿದವಳು ಮತ್ತೊಮ್ಮೆ ಬಗ್ಗಿ ನೋಡಿದೆ. ಎಡಗಾಲಿನ ಪಟ್ಟಿಗೆ ನೀಲಿ ದಾರದ ಹೊಲಿಗೆ. ಸ್ಟೇಷನ್ ಹೊರಗೆ ನಾನೇ ನಿಂತು ಹೊಲಿಸಿದ್ದು.

ಒಳಗೆ ಅಪ್ಪ ಹೇಳುತ್ತಿದ್ದರು, “ಡಾಕ್ಟರು ಒಂದು ತಿಂಗಳು ಕೆಲಸಕ್ಕೂ ಫೋನಿಗೂ ರಜೆ ಅಂದದ್ದನ್ನಾದರೂ ಅಮ್ಮನಿಗೆ ಹೇಳುವಾ ಮಗಾ.” ನೀನು ಹೇಳಿದೆ, “ಬೇಡಪ್ಪಾ. ಅಮ್ಮ ಗ್ರೂಪಿಗೆ ಹಾಕ್ತಾಳೆ.”

ನಾನು ಬೆಲ್ಲು ಒತ್ತಲಿಲ್ಲ.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನಿನಗೆ ಜ್ವರ ಬಂದಾಗ ಥರ್ಮಾಮೀಟರಿನ ಫೋಟೋ ಹಾಕಿ ‘ಎಲ್ಲರೂ ಪ್ರಾರ್ಥಿಸಿ’ ಅಂತ ಬರೆದವಳು ನಾನೇ ಅಲ್ಲವಾ? ದಿನವಿಡೀ ಕಂಪೆನಿಯ ಫೇಸ್‌ಬುಕ್ಕಿನಲ್ಲಿ ಯಾರ‍್ಯಾರದೋ ಬೈಗುಳಕ್ಕೆ ‘ಸಾರಿ ಸರ್’ ಅಂತ ಬರೆದು ಸಾಕಾಗಿ ಬರುವವಳಿಗೆ, ನನ್ನ ಮೆಸೇಜಿಗೆ ಯಾಕೆ ಉತ್ತರ ಇಲ್ಲ, ನೀಲಿ ಟಿಕ್ ಬಂದಿದೆಯಲ್ಲ ಅಂತ ಪೊಲೀಸರ ಹಾಗೆ ಕೇಳುತ್ತಿದ್ದೆ. ನನಗೂ ಸುಖ ಇರಲಿಲ್ಲ ಮಗಾ. ಹನ್ನೊಂದು ಗ್ರೂಪು. ಹಲ್ಲುಜ್ಜುವ ಮೊದಲೇ ಶುಭೋದಯ ಕಳಿಸಬೇಕು. ಯಾರು ಓದಿ ಸುಮ್ಮನಿದ್ದರು, ನನ್ನನ್ನು ಬಿಟ್ಟು ಬೇರೆ ಗ್ರೂಪು ಮಾಡಿದ್ದಾರಾ ಅಂತ ಇಡೀ ದಿನ ಅದೇ ಧ್ಯಾನ. ಹೆಬ್ಬೆರಳು ಊದಿ ಚಪಾತಿ ಲಟ್ಟಿಸಲು ಆಗುತ್ತಿಲ್ಲ. ಇವತ್ತು ಫೋನನ್ನು ಆಫ್ ಮಾಡಿ ಅಕ್ಕಿ ಡಬ್ಬಿಯ ತಳಕ್ಕೆ ಹಾಕಿದ್ದೇನೆ.

ಈ ಕಾಗದ ಹುಳಿ ಡಬ್ಬಿಯ ಕೆಳಗಿನ ಬಟ್ಟೆಯಲ್ಲಿದೆ. ತರುವವರಿಗೆ ಗೊತ್ತಿಲ್ಲ, ಗೊತ್ತಿರುವುದೂ ಬೇಡ. ನೀನು ಕರೆಯದೆ ನಾನು ಬರುವುದಿಲ್ಲ. ಡಬ್ಬಿ ಖಾಲಿ ವಾಪಸು ಕೊಡಬಾರದು ಅಂತ ನಮ್ಮಲ್ಲಿ ಉಂಟಲ್ಲ, ಬಾ ಅನ್ನುವುದಾದರೆ ಒಂದು ಚಮಚ ಸಕ್ಕರೆ ಹಾಕಿ ಕಳಿಸು. ಯಾರಿಗೂ ಹೇಳುವುದಿಲ್ಲ, ದೇವರಾಣೆ.

ಹೊಟ್ಟೆ ತುಂಬ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ಕೃಷ್ಣ ನಿನ್ನನ್ನು ಕಾಪಾಡಲಿ.

ನಿನ್ನ ಅಮ್ಮ,
ಶ್ರೀಮತಿ

ಮತ್ತೆ: ಫೋನು ಅಕ್ಕಿಗೆ ಹಾಕುವ ಮೊದಲು, ಹುಡುಗನ ಸುಳಿವೇನಾದರೂ ಸಿಗುತ್ತದಾ ಅಂತ ನಿನ್ನ ಹಳೆಯ ಮೆಸೇಜುಗಳನ್ನೆಲ್ಲ ನೋಡಿದೆ. ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ! ಅಕ್ಟೋಬರ್ ಹನ್ನೊಂದು, ಬೆಳಿಗ್ಗೆ ಆರು ಇಪ್ಪತ್ತು: ‘ಅಮ್ಮಾ, ನನಗೆ ಆಗ್ತಾ ಇಲ್ಲ. ಮಾತಾಡಬೇಕು.’ ಕೆಳಗೆ ಆರು ಇಪ್ಪತ್ತೊಂದಕ್ಕೆ ನನ್ನ ಉತ್ತರ ಉಂಟು. ಗುಲಾಬಿ ಹೂವು, ಶುಭೋದಯ. ಹನ್ನೊಂದು ಗ್ರೂಪಿಗೆ ಕಳಿಸುವಾಗ ನಿನಗೂ ಒಂದು ಹೋಗಿದೆ. ನೀನು ಬರೆದದ್ದನ್ನು ನಾನು ಇವತ್ತು ಓದಿದೆ ಮಗಾ.