ಎಡಗೈಯ ಜೋಡಿ

ಸರಗೂರು
ಸಂಜೆ ಆರು ಗಂಟೆ

ಪ್ರೀತಿಯ ಮಹದೇವಣ್ಣನಿಗೆ,

ಹಗಲೆಲ್ಲ ಅಂಗಳದಲ್ಲಿ ರಾಗಿ ಒಣಗಿಸಿದೆ. ಸಂಜೆ ಅಲ್ಲೇ ನಮ್ಮ ಕಂಸಾಳೆ ತಂಡದ ತಾಲೀಮು ನಡೆಯಿತು. ನೀನೂ ನಿನ್ನ ಭಾವನೂ ಇಬ್ಬರೇ ಕಟ್ಟಿದ ತಂಡಕ್ಕೆ ಈಗ ಅಂಗಳ ಸಾಲದು. ರಘು ರೆಸಾರ್ಟ್ ಕೆಲಸಕ್ಕೆ ಹೋದ ಮೇಲೆ ಅವನ ಜಾಗಕ್ಕೆ ತೇಜಸ್ ಬಂದ. ಈಗ ಹುಡುಗಿಯರೂ ಸೇರಿದ್ದಾರೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನೀನು ಬಿಟ್ಟ ಜಾಗ ಮಾತ್ರ ಖಾಲಿಯಿದೆ.

ನನ್ನ ಮಗಳು ವಾಣಿಶ್ರೀ ಅಪ್ಪನ ಕಂಚಿನ ತಾಳ ಹಿಡಿದಿದ್ದಾಳೆ. ಎಡಚನಾದ ನಿನಗೆ ಜೋಡಿಯಾಗಲೆಂದೇ ಅವರು ಎಡಗೈಯಲ್ಲಿ ಬೀಸಲು ಕಲಿತಿದ್ದರಲ್ಲ, ಅವರನ್ನು ನೋಡಿ ಕಲಿತ ಇವಳಿಗೂ ಎಡಗೈಯೇ ರೂಢಿ. ಇವತ್ತು ಜೋಡಿ ಕುಣಿತದಲ್ಲಿ ಅವಳ ತಾಳ ತೇಜಸ್‌ನ ತಲೆಗೆ ಸುತ್ತಿದ ಟವಲನ್ನೇ ಹಾರಿಸಿತು.

“ಅಯ್ಯೋ, ನನ್ ತಲೆ ಉಳಿಸ್ರಪ್ಪಾ!” ಎಂದು ಅವನು ಓಡಿದ.

“ಇವಳ್ಗೆ ಜೋಡಿ ಅಂದ್ರೆ ಎಡಚ ಮಾದೇವಣ್ಣನೇ ಕಣ್ಲಾ, ನೀನು ಬುಡು” ಎಂದರು ಹಾಡು ಹೇಳುವ ಪ್ರಭುಸ್ವಾಮಿ.

ಎಲ್ಲರೂ ನಕ್ಕರು. ಯಜಮಾನರು ಹೋದ ಮೇಲೆ ಮೊದಲ ಸಲ ನಾನೂ ನಕ್ಕೆ.

ನಾಳೆ ಹೊಸ ಅಗ್ರಹಾರದಲ್ಲಿ ಕುಣಿತವಿದೆ. ಅಟ್ಟದ ಮೇಲಿಟ್ಟ ನಿನ್ನ ತಾಳವನ್ನು ಇಳಿಸಿ ಹುಣಸೆಹಣ್ಣಿನಲ್ಲಿ ಉಜ್ಜು. ದಾರ ಸವೆದಿದ್ದರೆ ಹೊಸದು ಪೋಣಿಸು. ನೀನು ಬರದಿದ್ದರೂ ಎದುರಿಗೆ ಮಾವನ ಜಾಗ ಖಾಲಿ ಬಿಟ್ಟೇ ಕುಣಿಯುತ್ತೇನೆ ಅನ್ನುತ್ತಾಳೆ ಇವಳು. ಅಷ್ಟು ಮಾಡಿಸಬೇಡ. ಈ ಕಾಗದ ತರುವ ತೇಜಸ್‌ನನ್ನು ಊಟ ಹಾಕದೆ ಕಳಿಸಬೇಡ.

ನಾಳೆ ಬೆಳಿಗ್ಗೆ ಏಳಕ್ಕೆ ವ್ಯಾನ್ ಬೀಚನಹಳ್ಳಿಗೆ, ನಿನ್ನ ಮನೆ ಬಾಗಿಲಿಗೇ ಬರುತ್ತದೆ.

ನಿನ್ನ ತಂಗಿ,
ಪುಟ್ಟಮಾದಮ್ಮ